ಜಡದಿಂದ ಜೀವ ಬಂದಿತೆಂದರೆ

ಜೀವವು ಎಲ್ಲಿಂದ ಬಂದಿತು ಎಂಬ ಪ್ರಶ್ನೆಯು ಬಹು ಹಳೆಯದು. ಪಂಡಿತರು ಅದನ್ನು ತಲೆತಲಾಂತರದಿಂದ ಚರ್ಚಿಸುತ್ತ ಬಂದಿದ್ದಾರೆ. ಅದೇ ಪ್ರಶ್ನೆಯನ್ನು ಮಗ್ಗುಲು ತಿರುವಿ, ಜೀವವು ಎಲ್ಲಿಗೆ ಹೋಯಿತು ಎಂದು ಕೇಳುವ ಗಳಿಗೆಯಾದರೋ ಪಂಡಿತ ಪಾಮರರೆನ್ನದೆ ಎಲ್ಲರ ಮನೆಯ ಬಾಗಿಲಿಗೂ ಬರುತ್ತದೆ. ಈ ಎರಡು ಪ್ರಶ್ನೆಗಳ ಬೇರು ಒಂದೇ ಎಂಬುದನ್ನು ನಮಗೆ ತೋರಿಸಿಕೊಟ್ಟವರು ಒಬ್ಬ ರೈತರು.

ಕಳೆದ ಶ್ರಾವಣದಲ್ಲಿ ನವಲಗುಂದ ತಾಲೂಕಿನ ಒಂದು ಹಳ್ಳಿಯಿಂದ ಅವರು ಮಗಳನ್ನು ಕರೆದುಕೊಂಡು ಮಠಕ್ಕೆ ಬಂದಿದ್ದರು. ಮಗಳು ಕರ್ನಾಟಕ ವಿಶ್ವವಿದ್ಯಾಲಯದ ಕಾರವಾರದ ವಿಭಾಗದಲ್ಲಿ ಸಾಗರ ಜೀವಶಾಸ್ತ್ರವನ್ನು ಅಭ್ಯಾಸ ಮಾಡಿದವಳು. ಸಮುದ್ರದ ತಳದಲ್ಲಿರುವ ಬಿಸಿನೀರಿನ ಬುಗ್ಗೆಗಳನ್ನೂ, ಅಲ್ಲಿ ಬಾಳುವ ಅಣುಜೀವಿಗಳನ್ನೂ ಕುರಿತು ಗೋವೆಯಲ್ಲಿ ಸಂಶೋಧನೆಗೆ ತೊಡಗಬೇಕೆಂಬುದು ಆಕೆಯ ಸಂಕಲ್ಪ. ಇಂಥ ಸಂದರ್ಭದಲ್ಲಿ ತಂದೆಯಾದವರು ಖರ್ಚಿನ ಮಾತನ್ನೋ ಮದುವೆಯ ಮಾತನ್ನೋ ಎತ್ತುವುದು ವಾಡಿಕೆ. ನಾವೂ ಅದಕ್ಕೆ ತಕ್ಕ ಉತ್ತರವನ್ನು ಸಿದ್ಧವಾಗಿಟ್ಟುಕೊಂಡು ಕುಳಿತಿದ್ದೆವು. ಅವರು ಬಹಳ ಹೊತ್ತು ಸುಮ್ಮನಿದ್ದು ಕೇಳಿದ್ದು ಬೇರೆಯೇ.

"ಕಲ್ಲು, ನೀರು, ಗಂಧಕ ಕೂಡಿ ಜೀವ ಆತು ಅಂತಾಳ್ರಿ ಈಕಿ. ಹಂಗಾದ್ರ ನಮ್ಮವ್ವ ಹೋದಾಗ ಹೋದದ್ದು ಏನ್ರಿ ಅಜ್ಜಾರ?"

ಅದೇ ವರ್ಷ ಯುಗಾದಿಯ ಹಿಂದೆ ಮುಂದೆ ಅವರ ತಾಯಿ ಲಿಂಗೈಕ್ಯರಾಗಿದ್ದರು. ಹೊಲದ ಮೂಲೆಯಲ್ಲಿಯೇ ಸಮಾಧಿ ಮಾಡಿದ್ದರು. ನಾವು ರೂಢಿಯಂತೆ ಒಂದು ಸಂಸ್ಕೃತ ಶ್ಲೋಕವನ್ನು ಹೇಳಿ, ದೇಹವು ಅರಿವೆಯಂತೆ, ಆತ್ಮವು ಅದನ್ನು ತೊಡುವವನಂತೆ ಎಂದು ಅರ್ಥ ಬಿಡಿಸಿದೆವು. "ಆತ್ರಿ ಅಜ್ಜಾರ" ಎಂದು ಅವರು ನಮಸ್ಕರಿಸಿ ಎದ್ದರು. ಮಗಳು ಏನನ್ನೂ ಆಡಲಿಲ್ಲ. ಅವರು ಹೋದ ಮೇಲೆ ನಮ್ಮ ಉತ್ತರವು ನಮಗೇ ಹಳಸಿದಂತೆ ತೋರಿತು. ಧಾರವಾಡದಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಯ ಹಾಳೆಯ ಮೇಲೆ ಬರೆದು ಅಂಕ ಪಡೆದ ಉತ್ತರವದು. ಆ ರೈತರು ಪರೀಕ್ಷೆಯ ಪ್ರಶ್ನೆಯನ್ನು ಕೇಳಿರಲಿಲ್ಲ. ಮಗಳ ವಿದ್ಯೆಯು ತಾಯಿಯ ನೆನಪನ್ನು ಕಲ್ಲು ಮಾಡಿಬಿಡುವುದೇನೋ ಎಂಬ ಭಯದಿಂದ ಕೇಳಿದ್ದರು. ಆ ವಿದ್ಯೆಯೇನೆಂಬುದನ್ನು ಅರಿಯದೆಯೇ ನಾವು ಉತ್ತರಿಸಿದ್ದೆವು. ಅಲ್ಲಿಂದ ಮುಂದೆ ಕೆಲವು ತಿಂಗಳು ಈ ವಿಷಯದ ಗ್ರಂಥಗಳನ್ನು ತರಿಸಿ ಓದಿದೆವು. ತಿಳಿಯದೆ ಹೋದ ಕಡೆಯಲ್ಲಿ ಆ ಮಗಳಿಗೇ ಫೋನು ಮಾಡಿ ಪಾಠ ಹೇಳಿಸಿಕೊಂಡೆವು. ಮುಂದೆ ಬರೆಯುವುದು ಆ ಋಣದ ಒಂದಂಶ.

1977ರ ಫೆಬ್ರುವರಿಯಲ್ಲಿ ಅಮೆರಿಕದ ವಿಜ್ಞಾನಿಗಳ ಒಂದು ತಂಡವು ಪೆಸಿಫಿಕ್ ಮಹಾಸಾಗರದ ಗಲಪಗೋಸ್ ದ್ವೀಪಗಳ ಬಳಿ ಸಮುದ್ರತಳವನ್ನು ಪರೀಕ್ಷಿಸುತ್ತಿತ್ತು. ಮೂವರು ಮಾತ್ರ ಕುಳಿತುಕೊಳ್ಳಬಹುದಾದ 'ಆಲ್ವಿನ್' ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಭೂರಸಾಯನ ಶಾಸ್ತ್ರಜ್ಞರಾದ ಜಾಕ್ ಕಾರ್ಲಿಸ್ ಅವರು ಸುಮಾರು 2,500 ಮೀಟರು ಆಳಕ್ಕೆ ಇಳಿದರು. ಬಿಸಿನೀರಿನ ಬುಗ್ಗೆ ಇರಬಹುದೆಂಬ ಊಹೆ ಅವರಿಗಿತ್ತು, ಅದು ಸಿಕ್ಕಿತು. ಬುಗ್ಗೆಯ ಸುತ್ತ ಜೀವಿಗಳ ಸಂತೆಯೇ ನೆರೆದಿರುವುದೆಂದು ಯಾರೂ ಎಣಿಸಿರಲಿಲ್ಲ. ಆಳಸಮುದ್ರವೆಂದರೆ ಮರುಭೂಮಿಯಲ್ಲವೆ ಎಂದು ಅವರು ಮೇಲಿನ ಹಡಗಿನವರನ್ನು ಕೇಳಿದರಂತೆ. ತಂಡದಲ್ಲಿ ಜೀವಶಾಸ್ತ್ರಜ್ಞರು ಒಬ್ಬರೂ ಇರಲಿಲ್ಲ. ಮೇಲೆ ತಂದ ಪ್ರಾಣಿಗಳನ್ನು ಕೆಡದಂತೆ ಇಡಲು ತಕ್ಕಷ್ಟು ದ್ರವವೂ ಇರಲಿಲ್ಲ. ಕೊನೆಗೆ ಪನಾಮಾದಲ್ಲಿ ಕೊಂಡಿದ್ದ ರಷ್ಯದ ವೋಡ್ಕಾದಲ್ಲಿ ಅವುಗಳನ್ನು ಹಾಕಿಟ್ಟರು. ಆ ಪಾನೀಯಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವನ್ನು ನಾವು ಕೇಳಿಲ್ಲ.

ಈ ಬುಗ್ಗೆಗಳು ಹುಟ್ಟುವ ಬಗೆ ಕಠಿಣವಾದುದಲ್ಲ. ಸಮುದ್ರದ ತಳ ಬಿರುಕು ಬಿಟ್ಟ ಕಡೆಯಲ್ಲಿ ನೀರು ಒಳಗಿಳಿಯುತ್ತದೆ. ಕೆಳಗಿನ ಕಾದ ಬಂಡೆಯನ್ನು ಮುಟ್ಟಿ, ಅದರೊಳಗಿನ ಕಬ್ಬಿಣ, ತಾಮ್ರ, ಗಂಧಕಗಳನ್ನು ಕರಗಿಸಿಕೊಂಡು ಮೇಲಕ್ಕೆ ಉಕ್ಕುತ್ತದೆ. ತಣ್ಣೀರು ತಾಗಿದೊಡನೆ ಕರಗಿದ್ದೆಲ್ಲವೂ ಮಸಿಯಂತೆ ಹೆಪ್ಪುಗಟ್ಟಿ ಕೊಳವೆಯಾಗಿ ನಿಲ್ಲುತ್ತದೆ. 1979ರಲ್ಲಿ ಕಂಡ ಇಂಥ ಕರಿಹೊಗೆಯ ಕೊಳವೆಗಳಲ್ಲಿ ನೀರಿನ ಕಾವು 350 ಡಿಗ್ರಿಯಷ್ಟಿತ್ತು. ಮೇಲಿನ ಒತ್ತಡದಿಂದಾಗಿ ಅದು ಕುದಿಯುವುದಿಲ್ಲ. ಇಂಥಲ್ಲಿ ಎರಡು ಮೀಟರು ಉದ್ದ ಬೆಳೆಯುವ ಒಂದು ಹುಳುವಿದೆ. ಅದಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಅದು ಉಣ್ಣುವುದೆಂತು? 1980ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಈ ಹುಳುವನ್ನು ಕುರಿತು ಉಪನ್ಯಾಸವೊಂದು ನಡೆದಿತ್ತು. ಅದರ ಒಡಲಿನಲ್ಲಿ ಗಂಧಕದ ಹರಳುಗಳಿವೆ ಎಂದು ಉಪನ್ಯಾಸಕರು ಹೇಳಿದಾಗ, ಕೋಲೀನ್ ಕ್ಯಾವನಾ ಎಂಬ ಮೊದಲ ವರ್ಷದ ಸಂಶೋಧನ ವಿದ್ಯಾರ್ಥಿನಿ ಎದ್ದು ನಿಂತು, ಹಾಗಾದರೆ ಅದರೊಳಗೆ ಗಂಧಕವನ್ನು ಉರಿಸಿ ಆಹಾರ ಮಾಡುವ ಅಣುಜೀವಿಗಳು ಇರಲೇಬೇಕು ಎಂದಳು. ಮರುವರ್ಷ ಅದನ್ನು ಸಿದ್ಧಪಡಿಸಿಯೂ ತೋರಿಸಿದಳು. ಹುಳು ಆಶ್ರಯ ಕೊಡುತ್ತದೆ. ಅಣುಜೀವಿ ಅನ್ನ ಕೊಡುತ್ತದೆ. ಮಠದವರಾದ ನಮಗೆ ಈ ಏರ್ಪಾಡು ಹೊಸತಾಗಿ ಕಾಣಲಿಲ್ಲ. ಉಸಿರಾಡುವ ಆಮ್ಲಜನಕದ ಮಟ್ಟಿಗೆ ಆ ಹುಳುವಿಗೂ ಸೂರ್ಯನ ಋಣ ತಪ್ಪಿಲ್ಲವಾದರೂ, ಅದರ ಅನ್ನ ಹುಟ್ಟುವುದು ಬಂಡೆಯೊಳಗಿನ ಶಕ್ತಿಯಿಂದ.

ಬಂಡೆಯಿಂದ ಅನ್ನ ಹುಟ್ಟುವುದಾದರೆ ಬಂಡೆಯಿಂದ ಜೀವವೇ ಏಕೆ ಹುಟ್ಟಿರಬಾರದು? 1981ರಲ್ಲಿ ಕಾರ್ಲಿಸ್ ಅವರು ಮತ್ತಿಬ್ಬರೊಡನೆ ಈ ಮಾತನ್ನು ಮುಂದಿಟ್ಟರು. ಬಹುಕಾಲ ಅದನ್ನು ಯಾರೂ ಆದರಿಸಲಿಲ್ಲ.

ಇದೆಲ್ಲ ದೂರದ ಸಮುದ್ರದ ಸಂಗತಿ, ಎರೆಹೊಲದ ನಮಗೇನು ಎಂದು ವಾಚಕರು ಕೇಳಬಹುದು. ಅಣ್ಣಿಗೇರಿಯಿಂದ ಗದಗನ್ನು ದಾಟಿ ಡಂಬಳದ ಕಡೆಗೆ ಹೋದರೆ ಕಪ್ಪತಗುಡ್ಡವು ಎದುರಾಗುತ್ತದೆ. 1870ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞರು ಈ ಸೀಮೆಯ ಬಂಗಾರದ ಬಂಡೆಗಳನ್ನು ಪರೀಕ್ಷಿಸಿದರು. ಮುಂದೆ 1880ರ ದಶಕದಲ್ಲಿ ದಕ್ಷಿಣ ಭಾರತದ ಇಂಥ ಪ್ರಾಚೀನ ಶಿಲೆಗಳಿಗೆಲ್ಲ ಅವರು 'ಧಾರವಾಡ' ಎಂದೇ ಹೆಸರಿಟ್ಟರು. ಪೇಡೆಗಿಂತಲೂ ಸಂಗೀತಕ್ಕಿಂತಲೂ ಮೊದಲೇ ನಮ್ಮ ಊರಿನ ಹೆಸರು ಜಗತ್ತಿಗೆ ಹೋದದ್ದು ಕಲ್ಲಿನ ಮೂಲಕ. ಆ ಕಲ್ಲುಗಳಲ್ಲಿ ಬಹಳಷ್ಟು ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದವು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಶಿಲೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನೊಳಗೆ ಉಕ್ಕಿದ ಲಾವಾರಸವು ಥಟ್ಟನೆ ಆರಿ ಆ ಆಕಾರ ತಳೆಯಿತು. ಸರಕಾರವು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಚಿತ್ರದುರ್ಗದ ಹತ್ತಿರದ ಇಂಗಳದಾಳದ ತಾಮ್ರದ ಅದಿರು ಕೂಡ ಸಮುದ್ರದೊಳಗಿನ ಜ್ವಾಲಾಮುಖಿಯ ಬಿಸಿನೀರಿನಿಂದ ಕೂಡಿದುದೆಂದು ಬಲ್ಲವರು ಹೇಳುತ್ತಾರೆ. ನಾವು ಕಳೆದ ಮಾಘದಲ್ಲಿ ಚಿತ್ರದುರ್ಗಕ್ಕೆ ಹೋದಾಗ ಮರಡಿಹಳ್ಳಿಯ ಕಲ್ಲುಗಳನ್ನು ನೋಡಿಬಂದೆವು. ಬಿಸಿಲಿಗೆ ಕಾದ ಆ ದಿಂಬುಗಳ ಮೇಲೆ ಕೈಯಿಟ್ಟಾಗ ನವಲಗುಂದದ ಆ ತಾಯಿಯ ಸಮಾಧಿಯ ನೆನಪು ಬಂದಿತು. ಏಕೆ ಬಂದಿತೆಂದು ಆಗ ತಿಳಿಯಲಿಲ್ಲ.

ಅದಿರಿನ ಕಲ್ಲಿನಿಂದಲೇ ಈ ಪ್ರಶ್ನೆಗೆ ಬಂದವರು ಮೈಕೇಲ್ ರಸೆಲ್ ಎಂಬ ಬ್ರಿಟಿಷ್ ಭೂಗರ್ಭಶಾಸ್ತ್ರಜ್ಞರು. ಅವರು ಐರ್ಲೆಂಡಿನ ಸೀಸ ಮತ್ತು ಸತುವಿನ ಗಣಿಗಳನ್ನು ಅಭ್ಯಾಸ ಮಾಡುತ್ತಿದ್ದರು. ಅಲ್ಲಿ ಸುಮಾರು 35 ಕೋಟಿ ವರ್ಷಗಳಷ್ಟು ಹಳೆಯ, ಬೆರಳಿನಷ್ಟು ಸಣ್ಣ ಕಲ್ಲಿನ ಕೊಳವೆಗಳು ದೊರೆತವು. ಅವರ ಮಗನು ಮನೆಯಲ್ಲಿ ಲವಣದ ಹರಳುಗಳನ್ನು ದ್ರಾವಣದಲ್ಲಿ ಹಾಕಿ ಗಿಡದಂತೆ ಬೆಳೆಸುವ ಆಟವಾಡುತ್ತಿದ್ದನು. ಒಂದು ದಿನ ಆ ಗಿಡವನ್ನು ಮುರಿದು ನೋಡಿ, ಇದರೊಳಗೆ ಪೊಳ್ಳು ಇದೆ ಎಂದನು. ತಂದೆಗೆ ತಮ್ಮ ಕಲ್ಲಿನ ಕೊಳವೆಗಳು ನೆನಪಾದವು. ಗಣಿಯ ವಿದ್ಯೆಯಿಂದ ಜೀವೋತ್ಪತ್ತಿಯ ವಿದ್ಯೆಗೆ ಅವರು ತಿರುಗಿದ್ದು ಹೀಗೆ. ಉರಿಯುವ ಕರಿಹೊಗೆಯ ಕೊಳವೆಗಳಲ್ಲಿ ಜೀವಕ್ಕೆ ಬೇಕಾದ ಸೂಕ್ಷ್ಮ ದ್ರವ್ಯಗಳು ಬಾಳಲಾರವು. ಕಾವು ಕಡಿಮೆಯುಳ್ಳ, ಸುಣ್ಣದ ತಿಳಿಯಂತೆ ಕ್ಷಾರಗುಣವುಳ್ಳ ಬುಗ್ಗೆಗಳು ಬೇರೆ ಇರಬೇಕು ಎಂದು ಅವರು ತರ್ಕಿಸಿದರು. 2000ನೆಯ ಇಸವಿಯ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಮಹಾಸಾಗರದಲ್ಲಿ ಬೇರೆ ಕೆಲಸಕ್ಕೆಂದು ಹೋಗಿದ್ದ ತಂಡವೊಂದಕ್ಕೆ ಅಂಥ ಬುಗ್ಗೆಗಳೇ ಕಂಡವು. ಅಲ್ಲಿನ ಬಿಳಿಯ ಗೋಪುರಗಳಲ್ಲಿ ದೊಡ್ಡದು 60 ಮೀಟರು ಎತ್ತರವಿದೆ. ಅದಕ್ಕೆ 'ಕಳೆದುಹೋದ ನಗರ' ಎಂದು ಹೆಸರಿಟ್ಟರು. ಡೆಬೊರಾ ಕೆಲಿ ಎಂಬ ವಿದುಷಿ ಅನಂತರ ಅದರ ಅಭ್ಯಾಸದ ನೇತೃತ್ವ ವಹಿಸಿದರು. ನೀರಿನ ಕಾವು 40ರಿಂದ 90 ಡಿಗ್ರಿ.

ಕ್ಷಾರಗುಣದ ಮೇಲೆ ರಸೆಲ್ ಅವರಿಗೆ ಇಷ್ಟು ಕಣ್ಣೇಕೆ? ಇಲ್ಲಿಯೇ ವಿಷಯದ ತಿರುಳಿದೆ. ಇದನ್ನು ನಮಗೆ ಬಿಡಿಸಿ ಹೇಳಿದ್ದು ಆ ರೈತರ ಮಗಳೇ. ಅವಳು ಕೊಟ್ಟ ಉಪಮಾನವನ್ನೇ ಇಲ್ಲಿ ಕೊಡುತ್ತೇವೆ. ನವಿಲುತೀರ್ಥದ ಅಣೆಕಟ್ಟಿನಲ್ಲಿ ನೀರು ಎತ್ತರದಲ್ಲಿದೆ, ಹೊಲ ತಗ್ಗಿನಲ್ಲಿದೆ. ಆದುದರಿಂದ ಕಾಲುವೆ ಹರಿಯುತ್ತದೆ. ಎರಡೂ ಕಡೆ ಮಟ್ಟ ಒಂದೇ ಆಯಿತೆನ್ನಿ. ಜಲಾಶಯ ತುಂಬಿದ್ದರೂ ಹನಿ ನೀರು ಸರಿಯದು. ನಮ್ಮ ದೇಹದ ಜೀವಕೋಶಗಳೊಳಗೆ ಇಂಥದೊಂದು ಅಣೆಕಟ್ಟು ಉಂಟು. ಅತಿ ತೆಳುವಾದ ಒಂದು ಪೊರೆಯ ಒಂದು ಮಗ್ಗುಲಲ್ಲಿ ಜಲಜನಕದ ವಿದ್ಯುತ್ಕಣಗಳು ಹೆಚ್ಚು, ಇನ್ನೊಂದು ಮಗ್ಗುಲಲ್ಲಿ ಕಡಿಮೆ. ಅವು ಹೆಚ್ಚಿನ ಕಡೆಯಿಂದ ಕಡಿಮೆಯ ಕಡೆಗೆ ಹರಿಯುವ ಸೆಳೆತದಿಂದಲೇ ದೇಹದ ವ್ಯಾಪಾರವೆಲ್ಲ ನಡೆಯುತ್ತದೆ. ಪೀಟರ್ ಮಿಚೆಲ್ ಎಂಬವರು 1961ರಲ್ಲಿ ಹೀಗೆಂದಾಗ ಪಂಡಿತರು ನಂಬಲಿಲ್ಲ. 1978ರಲ್ಲಿ ಅದಕ್ಕಾಗಿಯೇ ನೊಬೆಲ್ ಪ್ರಶಸ್ತಿ ಬಂದಿತು. ಅಣುಜೀವಿಯಿಂದ ಆನೆಯವರೆಗೆ ಉಪಾಯ ಇದೊಂದೇ. ಪ್ರಾಚೀನ ಸಮುದ್ರದ ನೀರು ಆಮ್ಲ, ಬುಗ್ಗೆಯ ನೀರು ಕ್ಷಾರ, ನಡುವೆ ಕಬ್ಬಿಣ ಮತ್ತು ಗಂಧಕದ ತೆಳುವಾದ ಕಲ್ಲಿನ ಗೋಡೆ. ಆಗ ಈ ಏರುಪೇರನ್ನು ಯಾರೂ ಕಟ್ಟಬೇಕಾಗಿರಲಿಲ್ಲ, ಅದು ತಾನಾಗಿಯೇ ಇದ್ದಿತು ಎಂಬುದು ರಸೆಲ್ ಮತ್ತು ಅವರ ಸಂಗಡಿಗರ ಸಿದ್ಧಾಂತ. ನಮ್ಮ ದೇಹದ ಎಷ್ಟೋ ಕಿಣ್ವಗಳ ಗರ್ಭದಲ್ಲಿ ಇಂದಿಗೂ ಕಬ್ಬಿಣ ಮತ್ತು ಗಂಧಕದ ಪುಟ್ಟ ಗಂಟುಗಳಿವೆ.

ಈ ಸಿದ್ಧಾಂತವು ಗೆದ್ದಿತೆಂದು ನಾವು ಹೇಳುತ್ತಿಲ್ಲ. 1953ರಲ್ಲಿ ಗಾಜಿನ ಬುರುಡೆಯೊಳಗೆ ವಿದ್ಯುತ್ತಿನ ಕಿಡಿ ಹಾಯಿಸಿ ಜೀವದ್ರವ್ಯಗಳನ್ನು ಪಡೆದು ಹೆಸರಾದ ಸ್ಟ್ಯಾನ್ಲಿ ಮಿಲ್ಲರ್ ಅವರು, ಬಿಸಿನೀರು ಇಂಥ ದ್ರವ್ಯಗಳನ್ನು ಕಟ್ಟುವುದಕ್ಕಿಂತ ಕೆಡಿಸುವುದೇ ಹೆಚ್ಚೆಂದು ಬುಗ್ಗೆಯ ವಾದವನ್ನು ವಿರೋಧಿಸಿದರು. ಸಮುದ್ರವನ್ನು ಬಿಟ್ಟು ನೆಲದ ಮೇಲಿನ ಹೊಂಡಗಳಲ್ಲಿ, ನೀರು ಒಣಗಿ ಮತ್ತೆ ತುಂಬುವ ಕಡೆಯಲ್ಲಿ ಜೀವವು ಮೊಳೆಯಿತೆನ್ನುವವರೂ ಪ್ರಬಲರಾಗಿದ್ದಾರೆ. ನಮ್ಮ ದೇಶದಲ್ಲಿ ಪುಣೆಯ ಸುಧಾ ರಾಜಮಣಿ ಅವರು ಇಂಥ ಒಣಗು ನೆನೆಗಳ ಪ್ರಯೋಗಗಳಿಗೆ ಹೆಸರಾದವರು. ಮೊದಲ ಜೀವವನ್ನು ಹೊತ್ತ ತೊಟ್ಟಿಲು ಕಲಘಟಗಿಯ ತೊಟ್ಟಿಲಿನಂತೆ ಬಣ್ಣ ಕಟ್ಟಿಕೊಂಡು ನಮಗಾಗಿ ಕಾದು ಕುಳಿತಿಲ್ಲ. ಅದು ಎಂದೋ ಕರಗಿಹೋಗಿದೆ. ಅದನ್ನು ಹುಡುಕುವವನಿಗೆ ತನ್ನ ಆಯುಷ್ಯದೊಳಗೆ ಉತ್ತರ ದೊರೆಯುವ ಭರವಸೆಯಿಲ್ಲ. ತಾನು ಪ್ರೀತಿಯಿಂದ ಸಾಕಿದ ಸಿದ್ಧಾಂತವನ್ನು ನಾಳೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೆಡವಬಹುದು, ಕೆಡವಿದರೆ ಒಪ್ಪಿಕೊಳ್ಳಬೇಕು. ಸಭೆಯಲ್ಲಿ ಎದ್ದು ನಿಲ್ಲುವ ಶಿಷ್ಯರು ನಮ್ಮ ಮಠಗಳಲ್ಲಿ ಎಷ್ಟು ಮಂದಿ ಇದ್ದಾರೆ, ಎದ್ದು ನಿಂತರೆ ನಾವು ಅವರನ್ನು ಹೇಗೆ ನೋಡುತ್ತೇವೆ ಎಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಈ ಶೋಧನೆಗೆ ಇನ್ನೊಂದು ಮುಖವೂ ಇದೆ. ಹಡಗಿಗೆ ಹಣ ಕೊಡುವವರ ಕಣ್ಣು ಜೀವದ ಮೂಲದ ಮೇಲಷ್ಟೇ ಇಲ್ಲ, ಬುಗ್ಗೆಯ ಸುತ್ತಲಿನ ತಾಮ್ರ ಬಂಗಾರಗಳ ಮೇಲೂ ಇದೆ. ಹಿಂದೂ ಮಹಾಸಾಗರದ ತಳದಲ್ಲಿ ಇಂಥ ಅದಿರನ್ನು ಅರಸುವುದಕ್ಕೆ ಭಾರತವು 2016ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಂಡಿತು. 2024ರ ಡಿಸೆಂಬರಿನಲ್ಲಿ ಗೋವೆ ಮತ್ತು ಚೆನ್ನೈಯ ನಮ್ಮ ವಿಜ್ಞಾನಿಗಳು 4,500 ಮೀಟರು ಆಳದಲ್ಲಿ ಉಕ್ಕುತ್ತಿರುವ ಬುಗ್ಗೆಯೊಂದರ ಚಿತ್ರವನ್ನು ತೆಗೆದರು. ಅದೇ ಸಾಗರದ ಬುಗ್ಗೆಗಳ ಬಳಿ ಮಾತ್ರ ಬದುಕುವ, ಪಾದದ ಮೇಲೆ ಕಬ್ಬಿಣ ಮತ್ತು ಗಂಧಕದ ಹುರುಪೆಗಳನ್ನು ಹೊತ್ತ ಒಂದು ಬಸವನಹುಳುವನ್ನು, ಗಣಿಗಾರಿಕೆಯ ಭಯದಿಂದಾಗಿ 2019ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಕಪ್ಪತಗುಡ್ಡವು ವನ್ಯಧಾಮವಾದುದೂ ಅದೇ 2019ರಲ್ಲಿ. ಗುಡ್ಡಕ್ಕಾಗಿ ದನಿಯೆತ್ತಲು ಸುತ್ತಲಿನ ಹಳ್ಳಿಗಳಿದ್ದವು, ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಸ್ವಾಮಿಗಳಿದ್ದರು. ಸಮುದ್ರದ ತಳಕ್ಕೆ ಯಾವ ಊರೂ ಇಲ್ಲ, ಯಾವ ಮಠವೂ ಇಲ್ಲ. ಅಲ್ಲಿಗೆ ಸಾಕ್ಷಿಯಾಗಿ ಹೋಗುವವರು ಆ ರೈತರ ಮಗಳಂಥವರು ಮಾತ್ರ.

ಇನ್ನು ತಂದೆಯ ಪ್ರಶ್ನೆಗೆ ಬರೋಣ. ಜೀವವು ಕಲ್ಲು ನೀರುಗಳಿಂದ ಬಂದಿತೆಂದು ನಾಳೆ ನಿಶ್ಚಿತವಾಗಿ ಸಿದ್ಧವಾಯಿತೆಂದೇ ಇಟ್ಟುಕೊಳ್ಳೋಣ. ಕೆಲವರು ಕೂಡಲೆ, ಹಾಗಾದರೆ ಜೀವವೆಂದರೆ ಬರಿ ಕಲ್ಲು ನೀರೇ ಸರಿ ಎಂದುಬಿಡುತ್ತಾರೆ. ಈ 'ಬರಿ' ಎಂಬ ಶಬ್ದವನ್ನು ಅವರು ಪ್ರಯೋಗಶಾಲೆಯಿಂದ ತಂದುದಲ್ಲ, ಮನೆಯಿಂದಲೇ ತಂದುದು. ಮೊದಲೇ ಕಲ್ಲನ್ನು ಹೀನವೆಂದು ಎಣಿಸಿದವನಿಗೆ ಕಲ್ಲಿನಿಂದ ಬಂದುದೂ ಹೀನವಾಗಿ ತೋರುತ್ತದೆ. ನಮ್ಮ ಧಾರ್ಮಿಕರಲ್ಲಿ ಎರಡು ಬಗೆಯವರುಂಟು. ವಿಜ್ಞಾನಕ್ಕೆ ಇನ್ನೂ ತಿಳಿಯದ ಮೂಲೆಯಲ್ಲಿ ದೇವರನ್ನು ಕೂರಿಸಿ, ಅಲ್ಲಿಗೂ ಬೆಳಕು ಬಂದಾಗ ಇನ್ನೊಂದು ಮೂಲೆಯನ್ನು ಹುಡುಕುವವರು ಒಂದು ಬಗೆ. ಇದೆಲ್ಲ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇದ್ದಿತು ಎನ್ನುವವರು ಇನ್ನೊಂದು ಬಗೆ. ಈ ಎರಡನೆಯ ಮಾತನ್ನು ನಾವೂ ಹರೆಯದಲ್ಲಿ ವೇದಿಕೆಗಳ ಮೇಲೆ ಆಡಿ ಚಪ್ಪಾಳೆ ಪಡೆದಿದ್ದೇವೆ. ಅದು ಸತ್ಯವಲ್ಲ. ನಮ್ಮ ಹಿರಿಯರಿಗೆ ಸಮುದ್ರತಳದ ಬುಗ್ಗೆಯ ಅರಿವಿರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ.

ಅವರು ಹೇಳಿದ್ದು ಬೇರೆ. ಶಕ್ತಿವಿಶಿಷ್ಟಾದ್ವೈತದಲ್ಲಿ ಜಗತ್ತು ಮಿಥ್ಯೆಯಲ್ಲ, ಜಡವೆಂಬುದು ಶಿವನಿಗೆ ಹೊರಗಾದುದೂ ಅಲ್ಲ. ಶಿವತತ್ತ್ವದಿಂದ ಪೃಥ್ವಿಯವರೆಗೆ ಮೂವತ್ತಾರು ತತ್ತ್ವಗಳನ್ನು ಎಣಿಸುವಾಗ ಕಡೆಯದಾದ ಮಣ್ಣನ್ನೂ ಅವರು ಆ ಸಾಲಿನಿಂದ ಕಿತ್ತುಹಾಕಲಿಲ್ಲ. ಇದು ವಿಜ್ಞಾನದ ಸಿದ್ಧಾಂತವಲ್ಲ. ಯಾವ ಹಡಗೂ ಇದನ್ನು ಪರೀಕ್ಷಿಸಲಾರದು. ಆದರೆ ಇದನ್ನು ಮನಸಾರೆ ನಂಬಿದವನಿಗೆ, ಜೀವವು ಕಲ್ಲಿನಿಂದ ಬಂದಿತೆಂಬ ಸುದ್ದಿಯು ಅವಮಾನವಾಗಿ ಕೇಳಿಸಬೇಕಾಗಿಲ್ಲ. ನಮಗೆ ಮೊದಲು ಹಾಗೆ ಕೇಳಿಸಿತೆಂದರೆ, ನಾವು ಇಷ್ಟು ವರ್ಷ ಬೋಧಿಸಿದ ಮಾತನ್ನು ನಾವೇ ನಂಬಿರಲಿಲ್ಲವೆಂದಾಯಿತು.

ತಾಯಿ ಹೋದಾಗ ಹೋದದ್ದು ಏನು? ಮಗಳ ವಿದ್ಯೆಯು ಇದಕ್ಕೆ ಒಂದಿಷ್ಟು ದೂರ ಉತ್ತರ ಕೊಡುತ್ತದೆ. ದ್ರವ್ಯವು ಒಂದು ಗುಲಗಂಜಿಯಷ್ಟೂ ಹೋಗಲಿಲ್ಲ. ಹೋದದ್ದು ಆ ಏರುಪೇರು. ಅಣೆಕಟ್ಟಿನ ಎರಡೂ ಕಡೆ ಮಟ್ಟ ಒಂದಾಯಿತು, ಹರಿವು ನಿಂತಿತು. ಆದರೆ ಆ ಹರಿವು ಅವರ ದೇಹದಲ್ಲಿ ಹೊಸತಾಗಿ ಆರಂಭವಾದುದಾಗಿರಲಿಲ್ಲ. ಯಾವ ಜೀವಕೋಶವೂ ತನ್ನ ಪೊರೆಯನ್ನು ಬರಿಗೈಯಿಂದ ಆರಂಭಿಸುವುದಿಲ್ಲ. ತಾಯಿಕೋಶದ ಪೊರೆಯೇ ಹಿಗ್ಗಿ ಎರಡಾಗುತ್ತದೆ. ಮಗನಿಗೆ ಅದು ತಾಯಿಯಿಂದ ಬಂದಿತು, ತಾಯಿಗೆ ಅವರ ತಾಯಿಯಿಂದ. ಹೀಗೆ ಹಿಂದೆ ಹಿಂದೆ ಹೋದರೆ 350 ಕೋಟಿ ವರ್ಷಗಳಿಗೂ ಆಚೆ, ಯಾವುದೋ ಕಲ್ಲಿನ ಸಂದಿಯವರೆಗೆ, ಅದು ಒಂದು ಕ್ಷಣವೂ ನಿಲ್ಲದೆ ಬಂದಿದೆ. ನಡುವೆ ಎಲ್ಲಿ ನಿಂತಿದ್ದರೂ ಈ ತಾಯಿಯೂ ಇಲ್ಲ, ಪ್ರಶ್ನೆ ಕೇಳಿದ ಮಗನೂ ಇಲ್ಲ, ಸಮುದ್ರಕ್ಕೆ ಹೊರಟ ಮೊಮ್ಮಗಳೂ ಇಲ್ಲ.

ಇದನ್ನು ನಾವು ಆತ್ಮವೆಂದು ಕರೆಯುತ್ತಿಲ್ಲ. ಯಾರೂ ಹಾಗೆ ತಿಳಿಯಬಾರದು. ಮುಂಜಾನೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುತ್ತಿದ್ದ ಆ ಒಬ್ಬ ಹೆಂಗಸು ಎಲ್ಲಿಗೆ ಹೋದರೆಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಅದಕ್ಕೆ ನಮ್ಮಲ್ಲಿ ಶ್ರದ್ಧೆಯಿದೆ. ಶ್ರದ್ಧೆಯನ್ನು ಉತ್ತರವೆಂದು ಕೊಟ್ಟುದೇ ಅಂದು ನಾವು ಮಾಡಿದ ತಪ್ಪು.

ಮಹಾಶಿವರಾತ್ರಿಯ ಮರುದಿನ ತಂದೆ ಮಗಳು ಮತ್ತೆ ಬಂದಿದ್ದರು. ಅಂದು ಹೇಳಿದ್ದನ್ನು ಹಿಂದಕ್ಕೆ ಪಡೆದು, ಮೇಲಿನಷ್ಟನ್ನೂ ನಮಗೆ ಬಂದಂತೆ ಹೇಳಿದೆವು. ನವಿಲುತೀರ್ಥದ ಮಾತು ಬಂದಾಗ ಅವರು ಮಗಳ ಮುಖ ನೋಡಿದರು. ತಾಯಿಯ ಮಾತು ಬಂದಾಗ ತಲೆ ತಗ್ಗಿಸಿದರು. ಎಲ್ಲವೂ ಮುಗಿದ ಮೇಲೆ, ಆಕೆ ಮುಂಗಾರಿನ ಹೊತ್ತಿಗೆ ಗೋವೆಗೆ ಹೋಗತಕ್ಕವಳೆಂದೂ, ಮುಂದೆ ಹಡಗಿನಲ್ಲಿ ತಿಂಗಳುಗಟ್ಟಲೆ ಇರಬೇಕಾಗಬಹುದೆಂದೂ ತಿಳಿಸಿದರು. ಪ್ರಸಾದಕ್ಕೆ ಏಳುವಾಗ ಏನೋ ನೆನಪಾದಂತೆ ನಿಂತರು.

"ಅಲ್ರಿ ಅಜ್ಜಾರ, ಹಡಗಿನ್ಯಾಗ ರೊಟ್ಟಿ ಮಾಡವ್ರು ಯಾರ್ ಇರ್ತಾರ್ರಿ?"